‘ಸ್ಕೂಲು’ ಎಂಬ ಶಬ್ದದ ಪೂರ್ವೋತ್ತರ

ನದೀಮೂಲವನ್ನೂ ಋಷಿಮೂಲವನ್ನೂ ವಿಚಾರಿಸಬಾರದೆಂದು ಹಿರಿಯರು ಹೇಳುತ್ತಾರೆ. ಶಬ್ದಮೂಲವನ್ನು ವಿಚಾರಿಸಬಾರದೆಂದು ಮಾತ್ರ ಯಾರೂ ಹೇಳಿದಂತಿಲ್ಲ. ಆ ಧೈರ್ಯದಿಂದ ಈ ಚಿಕ್ಕ ಲೇಖನಕ್ಕೆ ಕೈಹಾಕಿದ್ದೇನೆ. ನಾನು ಆರಿಸಿಕೊಂಡ ಶಬ್ದ ದೊಡ್ಡದೇನೂ ಅಲ್ಲ. ಎ, ಬಿ, ಸಿ, ಡಿ ಬಾರದವರಿಗೂ ಅದು ಗೊತ್ತು. ಇಂಗ್ಲಿಷ್ ಭಾಷೆಯಿಂದ ನಮ್ಮ ಹಳ್ಳಿಗಳಿಗೆ ಬಂದು, ಜಗುಲಿಯನ್ನೂ ದಾಟಿ ಅಡಿಗೆಮನೆಯವರೆಗೆ ನುಗ್ಗಿದ ಶಬ್ದಗಳಲ್ಲಿ ಅದೂ ಒಂದು. ಅದೇ ‘ಸ್ಕೂಲು’.

ಈ ಶಬ್ದದ ಹಿಂದೆ ನಾನು ಬೀಳಲು ಕಾರಣ ನಮ್ಮ ಅಕ್ಕ. ಕಳೆದ ವರ್ಷ ಸುಗ್ಗಿಯ ಹೊತ್ತಿಗೆ ಊರಿಗೆ ಹೋಗಿದ್ದೆ. ಕಣದಲ್ಲಿ ರಾಗಿ ತೂರುವ ಕೆಲಸ ನಡೆದಿತ್ತು. ನಾನು ಹುಣಿಸೆಮರದ ನೆರಳಿನಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆ, ಪರೀಕ್ಷೆ ಹತ್ತಿರವಿತ್ತು. ಮೊರ ಹಿಡಿದು ನಿಂತಿದ್ದ ಅಕ್ಕ, ಮೈಮೇಲಿನ ಹೊಟ್ಟು ಕೊಡವುತ್ತಾ, “ನಿಂಗೇನಪ್ಪಾ, ಪುರುಸೊತ್ತಾಗಿ ಓದ್ಕೊಂಡು ಕೂತಿದೀಯ” ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಆದರೂ ನನಗೆ ಅದು ಚುಚ್ಚಿತು. ಓದುವುದು ಕೆಲಸವಲ್ಲವೆ? ರಾತ್ರಿ ಹನ್ನೆರಡರವರೆಗೆ ಕಣ್ಣಿಗೆ ನೀರು ಹಾಕಿಕೊಂಡು ಓದುವುದು ಪುರುಸೊತ್ತಿನ ಮಾತೆ? “ಓದೋದೂ ಕೆಲ್ಸಾನೇ ಕಣಕ್ಕಾ” ಎಂದು ಸಿಡುಕಿದೆ. ಅವಳು ನಕ್ಕು ಮತ್ತೆ ಮೊರವೆತ್ತಿದಳು.

ಕಾಲೇಜಿಗೆ ಹಿಂತಿರುಗಿದ ಮೇಲೆ ಒಂದು ದಿನ ಪುಸ್ತಕಭಂಡಾರದಲ್ಲಿ ಬೇರೆ ಯಾವುದೋ ಶಬ್ದವನ್ನು ಹುಡುಕುತ್ತಾ ದೊಡ್ಡ ಇಂಗ್ಲಿಷ್ ನಿಘಂಟನ್ನು ತಿರುವುತ್ತಿದ್ದೆ. ‘ಸ್ಕೂಲ್’ ಎಂಬಲ್ಲಿ ಕಣ್ಣು ನಿಂತಿತು. ಅಲ್ಲಿ ಬರೆದಿದ್ದ ಮೂಲಾರ್ಥವನ್ನು ಓದಿ ಬೆರಗಾದೆ. ಅಕ್ಕ ಕಣದಲ್ಲಿ ನಿಂತು ಆಡಿದ ಮಾತೇ ಅಲ್ಲಿ ಅಚ್ಚಾಗಿತ್ತು!

*

ಶಬ್ದದ ವಂಶಾವಳಿ ಹೀಗಿದೆ. ಇಂದಿನ ಇಂಗ್ಲಿಷಿನ ‘ಸ್ಕೂಲ್’ ಹಳೆಯ ಇಂಗ್ಲಿಷಿನಲ್ಲಿ ‘ಸ್ಕೋಲ್’ ಎಂದಿತ್ತು. ಅದು ಲ್ಯಾಟಿನ್ ಭಾಷೆಯ ‘ಸ್ಕೋಲಾ’ದಿಂದ ಬಂದದ್ದು. ಲ್ಯಾಟಿನರು ಅದನ್ನು ಗ್ರೀಕರಿಂದ ಪಡೆದರು. ಗ್ರೀಕಿನಲ್ಲಿ ಅದರ ರೂಪ ‘ಸ್ಖೊಲೇ’. ಈ ‘ಸ್ಖೊಲೇ’ ಎಂಬುದಕ್ಕೆ ಮೊದಲ ಅರ್ಥ ವಿದ್ಯೆಯೂ ಅಲ್ಲ, ಕಟ್ಟಡವೂ ಅಲ್ಲ, ಗುರುವೂ ಅಲ್ಲ. ಅದರ ಅರ್ಥ ಬಿಡುವು, ವಿರಾಮ. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ, ಪುರುಸೊತ್ತು.

ಈ ಸುದ್ದಿಯನ್ನು ಹಾಸ್ಟೆಲಿನಲ್ಲಿ ಹೇಳಿದಾಗ ಗೆಳೆಯರಿಗೆಲ್ಲಾ ಪರಮಾನಂದವಾಯಿತು. “ಹಾಗಾದರೆ ತರಗತಿಗೆ ಬಾರದೆ ಮರದ ಕೆಳಗೆ ಕೂತಿರುವವನೇ ನಿಜವಾದ ವಿದ್ಯಾರ್ಥಿ” ಎಂದು ಒಬ್ಬ ತೀರ್ಪು ಕೊಟ್ಟ. ಅವನ ತೀರ್ಪನ್ನು ಒಪ್ಪುವ ಮೊದಲು ಶಬ್ದವನ್ನು ಇನ್ನೂ ಸ್ವಲ್ಪ ಅಗೆದು ನೋಡಬೇಕು.

‘ಸ್ಖೊಲೇ’ ಎಂಬುದರ ಒಳಗೆ ಒಂದು ಧಾತುವಿದೆ. ಗ್ರೀಕಿನಲ್ಲಿ ‘ಎಖೊ’ ಎಂಬ ಕ್ರಿಯಾಪದಕ್ಕೆ ಹಿಡಿ, ಇಟ್ಟುಕೊಂಡಿರು ಎಂದು ಅರ್ಥ. ಅದರದೇ ಇನ್ನೊಂದು ರೂಪ ‘ಸ್ಖೆಯಿನ್’, ಎಂದರೆ ಹಿಡಿಯುವುದು, ತಡೆಹಿಡಿಯುವುದು. ‘ಸ್ಖೊಲೇ’ ಹುಟ್ಟಿದ್ದು ಇದರಿಂದ. ಓಡುವ ಬಂಡಿಯನ್ನು ಹಿಡಿದು ನಿಲ್ಲಿಸಿದಂತೆ, ನಿತ್ಯದ ಗಡಿಬಿಡಿಯನ್ನು ಹಿಡಿದು ನಿಲ್ಲಿಸಿದಾಗ ದೊರೆಯುವ ಅವಕಾಶವೇ ಸ್ಖೊಲೇ.

ಇಲ್ಲಿ ನಮ್ಮವರಿಗೆ ಸ್ವಾರಸ್ಯವಾದ ಒಂದು ಸಂಗತಿಯಿದೆ. ೧೭೮೬ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ಹೇಳಿದನು. ಮುಂದಿನ ಪಂಡಿತರು ಆ ಮಾತನ್ನು ಸೂತ್ರಬದ್ಧವಾಗಿ ಸಾಧಿಸಿದರು. ಸಂಸ್ಕೃತದ ‘ಸಪ್ತ’ ಗ್ರೀಕಿನಲ್ಲಿ ‘ಹೆಪ್ತ’ ಆಗಿರುವುದನ್ನು ಭಾಷಾಶಾಸ್ತ್ರದ ಮೊದಲ ಪಾಠದಲ್ಲಿಯೇ ಕಲಿಯುತ್ತೇವೆ. ಇದೇ ರೀತಿ ಹುಡುಕಿದಾಗ, ಗ್ರೀಕರ ಈ ಧಾತುವಿಗೆ ಸರಿಸಾಟಿಯಾಗಿ ಸಂಸ್ಕೃತದಲ್ಲಿ ನಿಲ್ಲುವುದು ‘ಸಹ್’ ಎಂಬ ಧಾತು: ತಾಳು, ತಡೆದುಕೊ, ಗೆಲ್ಲು ಎಂಬರ್ಥದ್ದು. ಸಹಿಸು, ಸಹನೆ, ಸಾಹಸ ಎಂದು ನಾವು ಕನ್ನಡದಲ್ಲಿ ದಿನವೂ ಬಳಸುವ ಮಾತುಗಳೆಲ್ಲಾ ಈ ಧಾತುವಿನ ಮಕ್ಕಳು. (‘ಸಹಪಾಠಿ’ಯಲ್ಲಿರುವ ‘ಸಹ’ ಮಾತ್ರ ಬೇರೆ, ಅದಕ್ಕೆ ಜೊತೆ ಎಂದು ಅರ್ಥ.) ಹೀಗೆ ಸ್ಕೂಲು ಮತ್ತು ಸಹನೆ ದೂರದ ದಾಯಾದಿಗಳಾದುವು. ‘ಅಸಹ್ಯ’ವೂ ಇದೇ ಮನೆತನದ್ದೆಂದು ತಿಳಿದಾಗ, ಗಣಿತದ ಪಾಠವನ್ನು ನೆನೆದು ನನ್ನ ಗೆಳೆಯರು ಈ ನಂಟಸ್ತಿಕೆಯನ್ನು ಕೂಡಲೆ ಒಪ್ಪಿಕೊಂಡರು.

ನಂಟಸ್ತಿಕೆಯ ಮಾತು ಬಂದುದರಿಂದ, ನೆಂಟರಲ್ಲದ ಇಬ್ಬರನ್ನು ಇಲ್ಲಿಯೇ ಬೇರ್ಪಡಿಸಿಬಿಡುವುದು ಒಳ್ಳೆಯದು. ಮೊದಲನೆಯದು ನಮ್ಮ ‘ಶಾಲೆ’. ಸ್ಕೂಲು, ಶಾಲೆ ಎಂದು ಒಟ್ಟಿಗೆ ಉಚ್ಚರಿಸಿದರೆ ಅಣ್ಣತಮ್ಮಂದಿರಂತೆ ಕೇಳಿಸುತ್ತದೆ; ಅರ್ಥವೂ ಒಂದೇ. ಆದರೆ ರಕ್ತಸಂಬಂಧವಿಲ್ಲ. ಸಂಸ್ಕೃತದ ‘ಶಾಲಾ’ ಎಂದರೆ ಮನೆ, ಚಾವಡಿ, ಮಾಡು ಹೊದಿಸಿದ ಸ್ಥಳ. ಆದ್ದರಿಂದಲೇ ಪಾಕಶಾಲೆ, ಗೋಶಾಲೆ, ಅಶ್ವಶಾಲೆ, ಧರ್ಮಶಾಲೆಗಳುಂಟು. ಪಾಠಶಾಲೆಯೂ ಅವುಗಳಲ್ಲಿ ಒಂದು. ಮುಂದಿನ ‘ಪಾಠ’ ಸವೆದು ಬರಿಯ ‘ಶಾಲೆ’ ಉಳಿಯಿತು. ಹೊದಿಕೆ ಎಂಬರ್ಥದ ಧಾತುವಿನಿಂದ ಬಂದ ಇಂಗ್ಲಿಷಿನ ‘ಹಾಲ್’ ಎಂಬ ಶಬ್ದ ಶಾಲೆಯ ಬಂಧು ಎಂಬುದು ಪಂಡಿತರ ಅಭಿಪ್ರಾಯ. ಎಂದರೆ ಶಾಲೆಯ ನೆಂಟ ‘ಹಾಲ್’. ಸ್ಕೂಲಿನ ನೆಂಟ ‘ಸಹನೆ’. ನಾವು ಕಟ್ಟಡವನ್ನು ನೋಡಿ ಹೆಸರಿಟ್ಟೆವು. ಗ್ರೀಕರು ಕಾಲವನ್ನು ನೋಡಿ ಹೆಸರಿಟ್ಟರು.

ಎರಡನೆಯದು ಮೀನಿನ ಸ್ಕೂಲು. ಇಂಗ್ಲಿಷಿನಲ್ಲಿ ಮೀನಿನ ಹಿಂಡಿಗೂ ‘ಸ್ಕೂಲ್’ ಎನ್ನುವುದುಂಟು. ಸಾಲಾಗಿ ಹೋಗುವ ಮೀನುಮರಿಗಳನ್ನು ನೋಡಿ ಶಾಲಾಬಾಲಕರನ್ನು ನೆನೆದು ಹೀಗೆ ಕರೆದರೆಂದು ನಾನು ಬಹುಕಾಲ ನಂಬಿದ್ದೆ. ಅದು ಸುಳ್ಳು. ಗುಂಪು ಎಂಬರ್ಥದ ಡಚ್ ಶಬ್ದವೊಂದು ಇಂಗ್ಲಿಷಿಗೆ ಬಂದು ಕಾಲಾಂತರದಲ್ಲಿ ಇದೇ ಕಾಗುಣಿತವನ್ನು ತೊಟ್ಟುಕೊಂಡಿತು. ಒಂದೇ ಬಣ್ಣದ ಅಂಗಿ ತೊಟ್ಟ ಮಾತ್ರಕ್ಕೆ ಇಬ್ಬರು ಒಂದು ಮನೆಯವರಾಗುವುದಿಲ್ಲ.

*

ಇನ್ನು ಮುಖ್ಯ ಪ್ರಶ್ನೆ. ಬಿಡುವು ಎಂಬ ಶಬ್ದ ಬೆತ್ತ, ಹಾಜರಿ, ಪರೀಕ್ಷೆಗಳಿರುವ ಶಾಲೆಯಾದುದು ಹೇಗೆ?

ಅದಕ್ಕೆ ಮೊದಲು ಗ್ರೀಕರು ಬಿಡುವನ್ನು ಹೇಗೆ ಕಾಣುತ್ತಿದ್ದರೆಂಬುದನ್ನು ತಿಳಿಯಬೇಕು. ನಮಗೆ ಕೆಲಸವೇ ಮುಖ್ಯ, ಕೆಲಸವಿಲ್ಲದಾಗ ಬಿಡುವು. ಗ್ರೀಕರಿಗೆ ಬಿಡುವೇ ಮುಖ್ಯ, ಬಿಡುವಿಲ್ಲದಾಗ ಕೆಲಸ. ಇದು ಕೇವಲ ತಮಾಷೆಯ ಮಾತಲ್ಲ, ಅವರ ವ್ಯಾಕರಣವೇ ಹಾಗೆ ಹೇಳುತ್ತದೆ. ಕೆಲಸಕಾರ್ಯದ ತಾಪತ್ರಯಕ್ಕೆ ಅವರ ಶಬ್ದ ‘ಅಸ್ಖೊಲಿಯಾ’, ಎಂದರೆ ಸ್ಖೊಲೇ ಇಲ್ಲದಿರುವಿಕೆ. ಮುಂದಿರುವ ‘ಅ’ಕಾರ ನಮ್ಮ ಅಸತ್ಯ, ಅಧರ್ಮಗಳಲ್ಲಿರುವ ನಿಷೇಧದ ‘ಅ’ಕಾರವೇ. ಲ್ಯಾಟಿನ್ನಿನಲ್ಲಿಯೂ ಹೀಗೆಯೇ: ಬಿಡುವಿಗೆ ‘ಓಟಿಯಂ’, ವ್ಯವಹಾರಕ್ಕೆ ‘ನೆಗೋಟಿಯಂ’, ಎಂದರೆ ಬಿಡುವಲ್ಲದ್ದು. ಇಂದು ರಾಜಕಾರಣಿಗಳೂ ವ್ಯಾಪಾರಿಗಳೂ ನಡೆಸುವ ‘ನೆಗೋಷಿಯೇಷನ್’ ಹುಟ್ಟಿದ್ದು ಈ ನೆಗೋಟಿಯಂನಿಂದ.

ಈ ಭಾವನೆಯನ್ನು ಶಾಸ್ತ್ರವಾಗಿ ನಿರೂಪಿಸಿದವನು ಅರಿಸ್ಟಾಟಲ್. ಯುದ್ಧ ಮಾಡುವುದು ಶಾಂತಿಗಾಗಿ, ಹಾಗೆಯೇ ದುಡಿಯುವುದು ಬಿಡುವಿಗಾಗಿ ಎಂಬುದು ಅವನ ಮತ. ಆದರೆ ನನ್ನ ಗೆಳೆಯನ ತೀರ್ಪಿಗೆ ಅವನಲ್ಲಿ ಬೆಂಬಲ ದೊರೆಯುವುದಿಲ್ಲ. ಅರಿಸ್ಟಾಟಲನು ಬಿಡುವನ್ನೂ ಆಟವನ್ನೂ ಬೇರೆಬೇರೆ ಮಾಡುತ್ತಾನೆ. ಆಟವು ದಣಿದವನಿಗೆ ಔಷಧ. ಮತ್ತೆ ದುಡಿಯಲೆಂದು ಅವನು ಸ್ವಲ್ಪ ಆಡುತ್ತಾನೆ. ಆದ್ದರಿಂದ ಆಟವೂ ದುಡಿಮೆಯ ಬಾಲವೇ. ಬಿಡುವಾದರೋ ಯಾವುದಕ್ಕೂ ಬಾಲವಲ್ಲ. ಯಾರ ಹಂಗೂ ಇಲ್ಲದೆ, ಯಾವ ಲಾಭವನ್ನೂ ಎಣಿಸದೆ, ತಿಳಿಯಬೇಕೆಂಬ ಒಂದೇ ಆಸೆಯಿಂದ ತಿಳಿಯುವ ಕಾಲ ಅದು. ಈಜಿಪ್ಟಿನಲ್ಲಿ ಗಣಿತಶಾಸ್ತ್ರ ಹುಟ್ಟಲು ಕಾರಣ ಅಲ್ಲಿಯ ಪುರೋಹಿತವರ್ಗಕ್ಕೆ ಬಿಡುವಿದ್ದುದೇ ಎಂದೂ ಅವನು ಹೇಳಿದ್ದಾನೆ.

ಈ ಬಿಡುವಿನಲ್ಲಿ ಗ್ರೀಕರು ಮಾಡುತ್ತಿದ್ದುದೇನು? ಕೂಡಿ ಮಾತನಾಡುತ್ತಿದ್ದರು, ವಾದಿಸುತ್ತಿದ್ದರು. ಪ್ಲೇಟೋ ಸುಮಾರು ಕ್ರಿ.ಪೂ. ೩೮೭ರಲ್ಲಿ ಅಥೆನ್ಸ್ ನಗರದ ಹೊರಗಿನ ಒಂದು ತೋಪಿನಲ್ಲಿ ಶಿಷ್ಯರನ್ನು ಸೇರಿಸಿದನು. ಅಕಡೀಮಸ್ ಎಂಬ ಪುರಾಣಪುರುಷನ ಹೆಸರಿನ ತೋಪು ಅದು. ಇಂದಿನ ‘ಅಕಾಡೆಮಿ’ಗಳೆಲ್ಲಾ ಆ ತೋಪಿನ ಹೆಸರನ್ನು ಹೊತ್ತಿವೆ. ಅವನ ಶಿಷ್ಯನಾದ ಅರಿಸ್ಟಾಟಲನು ಕ್ರಿ.ಪೂ. ೩೩೫ರಲ್ಲಿ ಲೈಸಿಯಂ ಎಂಬ ಇನ್ನೊಂದು ಕಡೆ ಪಾಠ ಆರಂಭಿಸಿದನು. ಇಂತಹ ಕಡೆಗಳಲ್ಲಿ ಶಬ್ದದ ಅರ್ಥ ಮೆಲ್ಲಮೆಲ್ಲನೆ ಜರುಗಿತು. ಮೊದಲು ಬಿಡುವು, ಆಮೇಲೆ ಬಿಡುವಿನಲ್ಲಿ ನಡೆಯುವ ಚರ್ಚೆ, ಆಮೇಲೆ ಚರ್ಚೆಗೆ ಸೇರುವ ಮಂಡಲಿ, ಕೊನೆಗೆ ಮಂಡಲಿ ಸೇರುವ ಸ್ಥಳ. ತತ್ತ್ವಶಾಸ್ತ್ರದಲ್ಲಿ ಇಂಥ ‘ಸ್ಕೂಲು’, ಚಿತ್ರಕಲೆಯಲ್ಲಿ ಇಂಥ ‘ಸ್ಕೂಲು’ ಎಂದು ನಮ್ಮ ಅಧ್ಯಾಪಕರು ಹೇಳುವಾಗ ಮೂರನೆಯ ಅರ್ಥ ಇನ್ನೂ ಉಸಿರಾಡುತ್ತಿರುತ್ತದೆ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಆ ಕಾಲದ ಅಥೆನ್ಸಿನಲ್ಲಿ ಹುಡುಗರು ಅಕ್ಷರ ಕಲಿಯುತ್ತಿದ್ದ ಜಾಗಕ್ಕೆ ಸ್ಖೊಲೇ ಎಂಬ ಹೆಸರಿರಲಿಲ್ಲ. ಅದನ್ನು ‘ದಿದಸ್ಕಲೆಯೊನ್’, ಕಲಿಸುವ ಸ್ಥಾನ, ಎನ್ನುತ್ತಿದ್ದರು. ರೋಮಿನಲ್ಲಿ ಮಕ್ಕಳ ಶಾಲೆಗೆ ‘ಲೂಡುಸ್’ ಎಂಬ ಹೆಸರಿತ್ತು. ಅದಕ್ಕೆ ಆಟ ಎಂದೂ ಅರ್ಥವುಂಟು! ದೊಡ್ಡವರ ಬಿಡುವಿನ ಹೆಸರು ಚಿಕ್ಕವರ ಪಾಠಕ್ಕೂ ಅಂಟಿಕೊಂಡದ್ದು ಅನಂತರದ ಕಥೆ.

*

ರೋಮ್ ಸಾಮ್ರಾಜ್ಯದ ಜೊತೆಗೆ ಈ ಶಬ್ದವೂ ಯುರೋಪಿನ ಉದ್ದಗಲಕ್ಕೆ ಹರಡಿತು. ಕ್ರಿ.ಶ. ೫೯೭ರಲ್ಲಿ ಕ್ರೈಸ್ತ ಸಂನ್ಯಾಸಿಗಳು ರೋಮಿನಿಂದ ಇಂಗ್ಲೆಂಡಿನ ಕೆಂಟ್ ಪ್ರಾಂತಕ್ಕೆ ಬಂದರು. ಲ್ಯಾಟಿನ್ ವಿದ್ಯೆ ಅಲ್ಲಿ ಬೆಳೆದಂತೆ ಶಬ್ದವೂ ಬೇರುಬಿಟ್ಟಿತು. ಮಧ್ಯಕಾಲದ ಇಂಗ್ಲಿಷರು ಅದನ್ನು ‘ಎಚ್’ ಇಲ್ಲದೆಯೇ ಬರೆಯುತ್ತಿದ್ದುದುಂಟು. ಮುಂದೆ ಲ್ಯಾಟಿನ್ ಕಾಗುಣಿತದ ಮೇಲಿನ ಗೌರವದಿಂದ ‘ಎಚ್’ ನೆಲೆಯೂರಿತು. ಪ್ರಾಥಮಿಕ ಶಾಲೆಯಲ್ಲಿ ನಮ್ಮ ಕಿವಿ ಹಿಂಡಿಸಿದ ಆ ಅಕ್ಷರ ಹೀಗೆ ಗೌರವಾರ್ಥವಾಗಿ ಬಂದು ಕುಳಿತ ಅತಿಥಿ!

ಉಚ್ಚಾರಣೆಯ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಹಳ್ಳಿಯವರು ‘ಇಸ್ಕೂಲು’ ಎನ್ನುತ್ತಾರೆ. ಪಟ್ಟಣದ ಹುಡುಗರು ಅದನ್ನು ಕೇಳಿ ನಗುತ್ತಾರೆ; ನಾನು ಹಾಸ್ಟೆಲಿಗೆ ಸೇರಿದ ಹೊಸದರಲ್ಲಿ ಈ ನಗೆಗೆ ಗುರಿಯಾದವನೇ. ಆದರೆ ಸ್ಪೇನ್ ದೇಶದವರು ಅದನ್ನು ‘ಎಸ್ಕುಎಲಾ’ ಎನ್ನುತ್ತಾರೆ, ಪೋರ್ಚುಗೀಸರು ‘ಎಸ್ಕೋಲಾ’ ಎನ್ನುತ್ತಾರೆ. ಫ್ರೆಂಚರೂ ಹಿಂದೆ ‘ಎಸ್ಕೋಲ್’ ಎನ್ನುತ್ತಿದ್ದವರು, ಕ್ರಮೇಣ ಸಕಾರವನ್ನು ಕಳೆದುಕೊಂಡು ‘ಎಕೋಲ್’ ಎಂದರು. ಶಬ್ದದ ಮೊದಲಲ್ಲಿ ‘ಸ್ಕ’, ‘ಸ್ಟ’ ಮುಂತಾದ ಒತ್ತಕ್ಷರ ಬಂದಾಗ ಕೆಲವು ಭಾಷೆಗಳ ನಾಲಗೆ ಒಂದು ಸ್ವರವನ್ನು ಊರುಗೋಲಾಗಿ ಮುಂದಿಟ್ಟುಕೊಳ್ಳುತ್ತದೆ. ಇನ್ನು ಕೆಲವು ಸಲ ಸಕಾರವನ್ನೇ ಕೈಬಿಡುತ್ತದೆ: ಸ್ಟೇಷನ್ನು ‘ಟೇಸನ್ನು’ ಆದದ್ದು ಹಾಗೆ. ‘ಸ್ನೇಹ’ವು ‘ನೇಹ’ವಾದದ್ದೂ ‘ಸ್ಥಾನ’ವು ‘ತಾಣ’ವಾದದ್ದೂ ಈ ಜಾಡಿನಲ್ಲಿಯೇ. ನೇಹವೆಂದರೆ ನಾವು ಕಾವ್ಯವೆನ್ನುತ್ತೇವೆ, ಟೇಸನ್ನೆಂದರೆ ಹಳ್ಳಿಗಾಡೆನ್ನುತ್ತೇವೆ. ಒಂದು ಮಹಾರಾಷ್ಟ್ರದ ನಾಲಗೆ ಮಾಡಿದರೆ ನಿಯಮ, ನಮ್ಮ ತಾಯಿಯ ನಾಲಗೆ ಮಾಡಿದರೆ ತಪ್ಪು! ಇದು ನ್ಯಾಯವೆ ಎಂದು ಸಹಪಾಠಿಗಳು ಯೋಚಿಸಬೇಕು.

‘ಸ್ಕೂಲ್’ ಶಬ್ದದ ಮಕ್ಕಳುಮರಿಗಳನ್ನು ನಾವು ಬಲ್ಲೆವು: ಸ್ಕಾಲರ್, ಸ್ಕಾಲರ್‌ಷಿಪ್ ಇತ್ಯಾದಿ. ಇವುಗಳಲ್ಲಿ ‘ಸ್ಕಾಲರ್‌ಷಿಪ್’ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಪಾಂಡಿತ್ಯ ಎಂಬ ಅರ್ಥವೂ ಅದಕ್ಕಿದೆ. ಆದರೆ ನಮ್ಮ ಕಾಲೇಜಿನ ಸೂಚನಾಫಲಕದ ಮುಂದೆ ಗುಂಪು ಸೇರುವುದು ಇನ್ನೊಂದು ಅರ್ಥಕ್ಕಾಗಿ. ಕನ್ನಡದಲ್ಲಿ ಅದನ್ನು ‘ವಿದ್ಯಾರ್ಥಿವೇತನ’ ಎಂದಿದ್ದೇವೆ. ವೇತನವೆಂದರೆ ಸಂಬಳ, ಕೂಲಿ. ಓದಿದ್ದಕ್ಕೆ ಕೂಲಿ ಎಂಬಂತೆ ಕೇಳಿಸುತ್ತದೆ. ಶಬ್ದದ ಮೂಲವನ್ನು ಹಿಡಿದು ನೋಡಿದರೆ ಅದು ಕೂಲಿಯಲ್ಲ. ಕೂಲಿಗೆ ಹೋಗದೆ ಓದಲೆಂದು ಕೊಡುವ ಹಣ. ಅದು ಕೊಳ್ಳುವುದು ಬಿಡುವನ್ನು. ನಮ್ಮ ನಾಡಿನಲ್ಲಿ ಹಿಂದೆ ಶಾಲೆಗೆ ‘ಮಠ’ವೆಂಬ ಹೆಸರಿತ್ತು, ಮಕ್ಕಳ ಮನೆಯವರಿಂದ ಹಣವನ್ನೋ ಕಾಳುಕಡ್ಡಿಯನ್ನೋ ಪಡೆದು ಅಯ್ಯನವರು ಪಾಠ ಹೇಳುವ ಕಡೆಯನ್ನು ‘ಕೂಲಿಮಠ’ವೆಂದೇ ಕರೆಯುತ್ತಿದ್ದರು. ಅಲ್ಲಿ ಕೂಲಿ ಕಲಿಸುವವನದು. ಆದರೆ ಕಲಿಯುವವನು ಕೂಲಿಗೆ ಹೋಗದೆ ಉಳಿಯಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಹೋಗಿರಲೇಬೇಕು.

*

ಈಗ ಶಬ್ದದ ಕತ್ತಲೆಯ ಬದಿಗೆ ಬರುತ್ತೇನೆ. ಅಥೆನ್ಸಿನ ಪೌರನಿಗೆ ಅಷ್ಟೊಂದು ಬಿಡುವು ಎಲ್ಲಿಂದ ಬಂತು? ಗುಲಾಮರಿಂದ ಬಂತು. ಹೊಲದಲ್ಲಿ, ಬೆಳ್ಳಿಯ ಗಣಿಯಲ್ಲಿ, ಅಡಿಗೆಮನೆಯಲ್ಲಿ ದುಡಿಯುವ ಗುಲಾಮರಿದ್ದರು. ಮನೆಯೊಳಗೆ ಹೆಂಗಸರಿದ್ದರು. ಅವರ ದುಡಿಮೆಯ ಮೇಲೆ ಇವರ ತತ್ತ್ವಚರ್ಚೆ ನಿಂತಿತ್ತು. ಅರಿಸ್ಟಾಟಲನಂತಹ ಮಹಾಮೇಧಾವಿಯೂ ಗುಲಾಮಗಿರಿಯನ್ನು ಸಹಜವೆಂದು ಸಮರ್ಥಿಸಿದನೆಂಬುದು ದುಃಖದ ಸಂಗತಿ.

ಉಪಾಧ್ಯಾಯ ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ‘ಪೆಡಗಾಗ್’ ಎಂಬ ಶಬ್ದವಿದೆ. ಗ್ರೀಕಿನಲ್ಲಿ ಅದು ‘ಪೈದಗೋಗೊಸ್’, ಮಗುವನ್ನು ಕರೆದೊಯ್ಯುವವನು. ಅವನು ಉಪಾಧ್ಯಾಯನಲ್ಲ, ಒಬ್ಬ ಗುಲಾಮ. ಯಜಮಾನನ ಮಗನನ್ನು ಶಾಲೆಗೆ ಕರೆದುಕೊಂಡು ಹೋಗಿ, ಪಾಠ ಮುಗಿಯುವವರೆಗೆ ಕಾದಿದ್ದು, ಮರಳಿ ಮನೆಗೆ ತರುವುದು ಅವನ ಕೆಲಸ. ಬರ್ಲಿನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ಬಟ್ಟಲೊಂದಿದೆ. ಡೂರಿಸ್ ಎಂಬ ಚಿತ್ರಗಾರ ಅದರ ಮೇಲೆ ಶಾಲೆಯ ದೃಶ್ಯವನ್ನು ಬರೆದಿದ್ದಾನೆ. ಹುಡುಗರು, ಗುರುಗಳು, ವೀಣೆಯಂತಹ ವಾದ್ಯ, ಬರಹದ ಸುರುಳಿ ಎಲ್ಲಾ ಇವೆ. ಒಂದು ಪಕ್ಕದಲ್ಲಿ ಕೋಲು ಹಿಡಿದು ಕುಳಿತ ಗಡ್ಡದ ಮನುಷ್ಯನೊಬ್ಬನಿದ್ದಾನೆ. ಅವನೇ ಪೈದಗೋಗೊಸ್ ಎಂದು ಬಲ್ಲವರು ಗುರುತಿಸುತ್ತಾರೆ. ಬಿಡುವಿನ ಮನೆಯೊಳಗೆ ಬಿಡುವಿಲ್ಲದವನೊಬ್ಬ ಕುಳಿತಿರುವ ಆ ಚಿತ್ರವನ್ನು ಪುಸ್ತಕವೊಂದರಲ್ಲಿ ಕಂಡಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟಿಲ್ಲ.

ಎರಡು ಸಾವಿರ ವರ್ಷಗಳ ಮೇಲೆ, ಸ್ಕೂಲ್ ಶಬ್ದವನ್ನು ಲೋಕಕ್ಕೆಲ್ಲಾ ಹಂಚಿದ ಇಂಗ್ಲೆಂಡಿನಲ್ಲಿಯೂ ಬಡವರ ಮಕ್ಕಳಿಗೆ ಬಿಡುವಿರಲಿಲ್ಲ. ಅಲ್ಲಿಯ ನೂಲಿನ ಗಿರಣಿಗಳಲ್ಲಿ ಎಳೆಯ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಿದ್ದರು. ೧೮೩೩ರ ಕಾರ್ಖಾನೆ ಕಾಯಿದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಜವಳಿ ಗಿರಣಿಗಳಲ್ಲಿ ದುಡಿಸಕೂಡದೆಂದಿತು. ರೇಷ್ಮೆ ಗಿರಣಿಗಳಿಗೆ ಮಾತ್ರ ವಿನಾಯಿತಿಯಿತ್ತು. ಒಂಬತ್ತರಿಂದ ಹದಿಮೂರರೊಳಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿಯನ್ನು ಹಾಕಿ, ಎರಡು ಗಂಟೆ ಪಾಠ ಹೇಳಿಸಬೇಕೆಂದು ವಿಧಿಸಿತು. ಒಂಬತ್ತು ಗಂಟೆಯ ದುಡಿಮೆಗೆ ಎರಡು ಗಂಟೆಯ ಸ್ಖೊಲೇ! ಅರ್ಧದಿನ ಗಿರಣಿ, ಅರ್ಧದಿನ ಶಾಲೆ ಎಂಬ ಪದ್ಧತಿಯನ್ನು ಕೊನೆಗಾಣಿಸಲು ಅಲ್ಲಿಯೂ ೧೯೧೮ರ ಶಿಕ್ಷಣ ಕಾಯಿದೆ ಬರಬೇಕಾಯಿತು. ನಮ್ಮ ದೇಶದಲ್ಲಿ ೨೦೦೨ರಲ್ಲಿ ಸಂವಿಧಾನಕ್ಕೆ ೮೬ನೆಯ ತಿದ್ದುಪಡಿಯಾಯಿತು. ೨೦೦೯ರಲ್ಲಿ ಶಿಕ್ಷಣದ ಹಕ್ಕಿನ ಕಾಯಿದೆ ಬಂದು, ೨೦೧೦ರ ಏಪ್ರಿಲ್ ಒಂದರಿಂದ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಹಕ್ಕಾಯಿತು. ಕೆಲವರ ಸೊತ್ತಾಗಿದ್ದ ಬಿಡುವು ಎಲ್ಲರ ಹಕ್ಕಾಗುವುದಕ್ಕೆ ಹಿಡಿದ ಕಾಲ ಇಷ್ಟು.

ಆದರೆ ಕಾಯಿದೆ ಕೊಡಬಲ್ಲದ್ದು ಹಲಗೆಯ ಮೇಲೊಂದು ಸ್ಥಳವನ್ನು. ಬಿಡುವನ್ನು ಕೊಡಬೇಕಾದದ್ದು ಮನೆ. ನಮ್ಮ ಅಕ್ಕ ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟಾಗ ಈ ಕಾಯಿದೆ ಜಾರಿಯಲ್ಲಿಯೇ ಇತ್ತು. ಅಪ್ಪನಿಗೆ ಮೈ ಸರಿಯಿರಲಿಲ್ಲ. ಪ್ರೌಢಶಾಲೆ ಐದು ಮೈಲಿ ದೂರದಲ್ಲಿತ್ತು. ಮನೆಯಲ್ಲಿ ಇಬ್ಬರು ಮಕ್ಕಳಿದ್ದೆವು, ಒಬ್ಬರಿಗೆ ಸಾಲುವಷ್ಟೇ ಬಿಡುವಿತ್ತು. ಅದು ಯಾರಿಗೆ ಸಲ್ಲಬೇಕೆಂದು ಯಾರೂ ಚರ್ಚಿಸಲಿಲ್ಲ. ಅವಳು ಹುಡುಗಿ, ನಾನು ಹುಡುಗ. ತೀರ್ಮಾನ ತಾನಾಗಿಯೇ ಆಗಿಹೋಯಿತು. ಓದಿನಲ್ಲಿ ನನಗಿಂತ ಚುರುಕಾಗಿದ್ದವಳು ಅವಳು.

*

ಕನ್ನಡದಲ್ಲಿ ಬಿಡುವಿಗೂ ಓದಿಗೂ ನಂಟು ಕಡಿಮೆ. ‘ಪುರುಸೊತ್ತು’ ಎಂಬುದು ಹಿಂದೂಸ್ತಾನಿಯ ‘ಫುರ್ಸತ್’ನಿಂದ ಬಂದ ಶಬ್ದ, ಅದನ್ನು ನಾವು ಬಹುಮಟ್ಟಿಗೆ ‘ಇಲ್ಲ’ ಎಂಬ ಮಾತಿನ ಜೊತೆಯಲ್ಲಿಯೇ ಬಳಸುತ್ತೇವೆ. ‘ರಜೆ’ ಎಂಬುದೂ ಆ ಕಡೆಯಿಂದ ಬಂದದ್ದೇ. ಅದರ ಮೂಲಾರ್ಥ ಒಪ್ಪಿಗೆ, ಅನುಮತಿ. ಸಂಸ್ಕೃತ ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿಗಳ ಬಿಡುವಿಗೆ ‘ಅನಧ್ಯಯನ’ವೆಂದು ಹೆಸರು. ಅಲ್ಲಿ ಬಿಡುವೆಂದರೆ ಓದದಿರುವುದು. ಗ್ರೀಕರಲ್ಲಿ ಬಿಡುವೆಂದರೆ ಓದುವುದು. ಗ್ರೀಕರ ಲೆಕ್ಕದಲ್ಲಿ ನಾವು ಪ್ರಾಂಶುಪಾಲರಿಗೆ ಬರೆಯುವ ರಜಾಚೀಟಿಯ ಅರ್ಥವಿಷ್ಟೇ: “ನನ್ನ ಬಿಡುವಿನಿಂದ ನನಗೆ ಬಿಡುವು ಕೊಡಿರಿ!”

ನಗೆಯ ಮಾತು ಹಾಗಿರಲಿ. ಅಕ್ಕ ನನ್ನ ಓದನ್ನು ಪುರುಸೊತ್ತು ಎಂದಾಗ ನಾನು ಸಿಡುಕಿದ್ದು ಸರಿಯಲ್ಲವೆಂದು ಈಗ ತಿಳಿದಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಓದು ಕಷ್ಟವಾಗಿರಬಹುದು, ಆದರೆ ಆ ಕಷ್ಟವನ್ನು ಪಡುವುದಕ್ಕೆ ಬೇಕಾದ ಬಿಡುವು ನನ್ನ ಸಂಪಾದನೆಯಲ್ಲ. ಅದನ್ನು ಅವಳ ಮೊರವೂ ಅಪ್ಪನ ನೇಗಿಲೂ ಅಮ್ಮನ ಒಲೆಯೂ ಸೇರಿ ಸಂಪಾದಿಸಿದುವು. ಸರ್ಕಾರಿ ಕಾಲೇಜಿನಲ್ಲಿ ಓದುವ ನಮ್ಮ ಪಾಲಿಗೆ, ನಾವು ಎಂದೂ ಕಾಣದ ಸಾವಿರಾರು ಜನ ತೆತ್ತ ತೆರಿಗೆಯೂ ಅದಕ್ಕೆ ಸೇರಿದೆ. ನಾವು ಗ್ರೀಕರಂತೆ ಗುಲಾಮರನ್ನು ಇಟ್ಟಿಲ್ಲ, ನಿಜ. ಆದರೆ ನಮ್ಮ ಬಿಡುವನ್ನು ಹೊತ್ತವರು ಯಾರೂ ಇಲ್ಲವೆಂದು ತಿಳಿದರೆ ನಾವು ಗ್ರೀಕರಿಗಿಂತ ದೊಡ್ಡ ತಪ್ಪು ಮಾಡಿದಂತೆ. ಹಾಗೆಂದು ಬಿಡುವಿಗೆ ನಾಚಿ ಪುಸ್ತಕವನ್ನು ಮುಚ್ಚುವುದೂ ಸರಿಯಲ್ಲ. ಅದು ಅವರ ದುಡಿಮೆಯನ್ನು ಮಣ್ಣುಪಾಲು ಮಾಡಿದಂತಾದೀತು. ಬಿಡುವನ್ನು ಸಾಲವೆಂದು ತಿಳಿದು, ಚೆನ್ನಾಗಿ ಬಳಸಿ, ಸಾಧ್ಯವಾದಷ್ಟನ್ನು ಹಿಂದಕ್ಕೆ ಕೊಡುವುದೊಂದೇ ದಾರಿ.

ಈ ಲೇಖನದ ಕರಡನ್ನು ಸಂಕ್ರಾಂತಿಯ ರಜೆಯಲ್ಲಿ ಊರಿಗೆ ಒಯ್ದಿದ್ದೆ. ಸಂಜೆ ಅಕ್ಕನಿಗೆ ಓದಿ ಹೇಳಿದೆ. ಧಾತು, ಪ್ರತ್ಯಯ ಬಂದ ಕಡೆ ಆಕಳಿಸಿದಳು. ಇಸ್ಕೂಲಿನ ಸಂಗತಿ ಬಂದಾಗ ನಕ್ಕಳು. ಬಟ್ಟಲಿನ ಮೇಲಿನ ಚಿತ್ರದ ಮಾತು ಬಂದಾಗ ಮಾತ್ರ ಅವರೆಕಾಯಿ ಸುಲಿಯುತ್ತಿದ್ದ ಅವಳ ಕೈ ನಿಂತಿತು. “ಅಲ್ವೋ, ದಿನಾ ಅಲ್ಲೇ ಕೂತಿರ್ತಿದ್ದ ಆ ಆಳಿಗೂ ಓದು ಬರ್ತಿತ್ತೇನೋ?” ಎಂದು ಕೇಳಿದಳು.

ಎರಡು ದಿನದ ಮೇಲೆ ಅವಳೇ ಮಾತು ತೆಗೆದಳು. ಖಾಸಗಿ ಅಭ್ಯರ್ಥಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದಂತೆ, ಅರ್ಜಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಳು. ನನ್ನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಕೊಟ್ಟೆ. ರಜೆ ಮುಗಿಯುವವರೆಗೆ ಸಂಜೆ ಎಮ್ಮೆ ಹಿಡಿದು ಕಟ್ಟುವುದು, ನೀರು ತರುವುದು, ಒಲೆ ಹಚ್ಚುವುದು ನನ್ನ ಪಾಲಿಗಿರಲೆಂದು ಮನೆಯಲ್ಲಿ ಹೇಳಿದೆ. ಅಮ್ಮನಿಗೆ ಅದು ವಿಚಿತ್ರವಾಗಿ ಕಂಡಿತು, ಆದರೆ ಬೇಡವೆನ್ನಲಿಲ್ಲ. ಹಾಗೆ ಅಕ್ಕನಿಗೆ ದಿನಕ್ಕೆ ದೊರೆತದ್ದು ಎರಡು ಗಂಟೆ. ೧೮೩೩ರಲ್ಲಿ ಇಂಗ್ಲೆಂಡಿನ ಗಿರಣಿಯ ಮಕ್ಕಳಿಗೆ ದೊರೆತದ್ದೂ ಅಷ್ಟೇ. ನಾನು ಈ ವಾರ್ಷಿಕ ಸಂಚಿಕೆಯನ್ನು ಹಿಡಿದು ಬೇಸಗೆಯ ರಜೆಗೆ ಊರಿಗೆ ಹೋಗುವಾಗ, ಅದನ್ನು ಮೂರು ಗಂಟೆ ಮಾಡಬೇಕೆಂದಿದ್ದೇನೆ.